ಕುದುರೆ ಸವಾರನ ಕತ್ತಿ ನೆಟ್ಟಗಿರಬಹುದೇ?

ಪ್ರಶ್ನೆ: ನಾನು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೆಂಗಳೂರಿನ ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಬಳಿ ವಾಸ. ಡೆಹ್ರಾಡೂನ್‌ಗೆ ಹೋಗಿದ್ದ ನನ್ನ ಸೋದರಳಿಯ ಕೈಯಿಂದ ಮಾಡಿದ ಕತ್ತಿಯೊಂದನ್ನು ತಂದುಕೊಟ್ಟಿದ್ದಾನೆ. 16ನೇ ಶತಮಾನದ ಯುರೋಪಿನ ಕುದುರೆ ಸವಾರರ ಕತ್ತಿಯ ಪ್ರತಿಕೃತಿ ಎಂದು ಜೊತೆಗಿದ್ದ ಚೀಟಿಯಲ್ಲಿದೆ. ಆದರೆ ಇದರ ಅಲಗು ನೆಟ್ಟಗಿದೆ, ತೂಕ ಸುಮಾರು 1.2 ಕೆ.ಜಿ. ಮಾತ್ರ. ಕುದುರೆ ಸವಾರರ ಕತ್ತಿ ಬಾಗಿರಬೇಕಲ್ಲವೇ? ಇಷ್ಟು ಹಗುರವಿರುತ್ತದೆಯೇ? ಹರಿತವಿಲ್ಲದ್ದರಿಂದ ಲೈಸೆನ್ಸ್ ಬೇಡ ಎನ್ನುತ್ತಾನೆ ಸೋದರಳಿಯ, ನಿಜವೇ? ತುಕ್ಕು ಹಿಡಿಯದಂತೆ ಇಡುವುದು ಹೇಗೆ, ಆಯುಧಪೂಜೆಗೆ ಇಡಬಹುದೇ?

ಉತ್ತರ: ಇಂಥ ಉಡುಗೊರೆ ಬಂದರೆ ಹೆಚ್ಚಿನವರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಮರೆತುಬಿಡುತ್ತಾರೆ. ನೀವು ತೂಗಿ ನೋಡಿದ್ದೀರಿ, ಅಲಗಿನ ಆಕಾರವನ್ನು ಗಮನಿಸಿ ಅನುಮಾನಪಟ್ಟಿದ್ದೀರಿ. ಆ ಅನುಮಾನ ಸಹಜವಾದದ್ದೇ. ಸಿನಿಮಾದಲ್ಲಾಗಲಿ, ಚೌಕದ ಪ್ರತಿಮೆಗಳಲ್ಲಾಗಲಿ ನಾವು ಕುದುರೆಯ ಮೇಲೆ ಕಾಣುವುದು ಬಹುಮಟ್ಟಿಗೆ ಬಾಗಿದ ಕತ್ತಿಯನ್ನೇ.

ಮೊದಲು ಆಕಾರ. 16ನೇ ಶತಮಾನದ ಪಶ್ಚಿಮ ಯುರೋಪಿನಲ್ಲಿ ಕುದುರೆ ಸವಾರರ ಕತ್ತಿ ಹೆಚ್ಚಾಗಿ ನೆಟ್ಟಗೇ ಇರುತ್ತಿತ್ತು. ಎದುರಾಳಿಯ ಮೈಮೇಲೆ ಉಕ್ಕಿನ ಕವಚ ಇರುತ್ತಿದ್ದ ಕಾಲ ಅದು. ತಗಡನ್ನು ಕೊಚ್ಚಿ ಪ್ರಯೋಜನವಿಲ್ಲ; ಕವಚದ ಸಂದುಗಳಲ್ಲಿ ಮೊನೆಯಿಂದ ತಿವಿಯಬೇಕು. ತಿವಿಯುವುದಕ್ಕೆ ನೆಟ್ಟಗಿನ ಅಲಗು ಬೇಕು, ಸ್ವಲ್ಪ ಉದ್ದವೂ ಬೇಕು. ಜರ್ಮನಿಯಲ್ಲಿ ಪಿಸ್ತೂಲು ಹಿಡಿದು ಹೋರಾಡುತ್ತಿದ್ದ ರೈಟರ್ ಎಂಬ ಸವಾರರು ಸೊಂಟಕ್ಕೆ ಕಟ್ಟುತ್ತಿದ್ದದ್ದು ಇಂಥದ್ದೇ ಕತ್ತಿ. ವೆನಿಸ್‌ನ ಸ್ಕಿಯಾವೋನಾ ಕೂಡ ನೆಟ್ಟಗಿನದೇ. ಬುಟ್ಟಿಯಂತೆ ಕೈಯನ್ನು ಮುಚ್ಚುವ ಅದರ ಹಿಡಿ ಬಹಳ ಚೆಂದ. ಬಾಗಿದ ಸೇಬರ್ ಪಶ್ಚಿಮ ಯುರೋಪಿನ ಸೈನ್ಯಗಳಲ್ಲಿ ಹರಡಿದ್ದು ಆಮೇಲೆ, ಹಂಗೇರಿಯ ಹುಸಾರ್ ಸವಾರರನ್ನು ನೋಡಿ. ಆಗಲೂ ನೆಟ್ಟಗಿನ ಕತ್ತಿ ಮೂಲೆ ಸೇರಲಿಲ್ಲ. 1796ರಲ್ಲಿ ಬ್ರಿಟಿಷ್ ಸೈನ್ಯ ಒಂದೇ ವರ್ಷ ಎರಡು ಮಾದರಿಗಳನ್ನು ಗೊತ್ತುಮಾಡಿತು: ಹಗುರ ಅಶ್ವದಳಕ್ಕೆ ಬಾಗಿದ್ದು, ಭಾರಿ ಅಶ್ವದಳಕ್ಕೆ ನೆಟ್ಟಗಿನದು. 1908ರಲ್ಲಿ ಅದೇ ಸೈನ್ಯ ಬರೀ ತಿವಿತಕ್ಕೆಂದೇ ಮಾಡಿಸಿದ ಕೊನೆಯ ದೊಡ್ಡ ಮಾದರಿಯೂ ನೆಟ್ಟಗಿತ್ತು.

ತೂಕದ ವಿಷಯಕ್ಕೂ ಆತಂಕ ಬೇಡ. ಒಂದು ಕೈಯಲ್ಲಿ ಬೀಸುವ ಅಂದಿನ ಅಸಲಿ ಕತ್ತಿಗಳು ಸಾಮಾನ್ಯವಾಗಿ 1ರಿಂದ 1.5 ಕೆ.ಜಿ. ಒಳಗೇ ಇರುತ್ತಿದ್ದವು. ಐದು, ಹತ್ತು ಕೆ.ಜಿ.ಯ ಕತ್ತಿಗಳ ಕತೆ ಕತೆಯಷ್ಟೇ. ಓಡುವ ಕುದುರೆಯ ಮೇಲೆ ಕುಳಿತು, ಎಡಗೈಯಲ್ಲಿ ಲಗಾಮು ಹಿಡಿದು, ಬಲಗೈಯಲ್ಲಿ ಅಷ್ಟು ಭಾರ ತಿರುಗಿಸುವವನ ಭುಜ ಉಳಿಯುವುದಿಲ್ಲ. ಭುಜ ಎಂದಾಗ ನಿಮ್ಮೂರಿನದೇ ಒಂದು ಪ್ರಸಂಗ ನೆನಪಾಗುತ್ತದೆ. 1896ರಲ್ಲಿ 4ನೇ ಹುಸಾರ್ ದಳದ ಜೊತೆ ಬೆಂಗಳೂರು ಕಂಟೋನ್ಮೆಂಟಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಬಾಂಬೆಯಲ್ಲಿ ದೋಣಿಯಿಂದ ಇಳಿಯುವಾಗಲೇ ಬಲ ಭುಜದ ಕೀಲು ತಪ್ಪಿಸಿಕೊಂಡಿದ್ದ. ಆ ನೋವು ಅವನನ್ನು ಬಿಡಲಿಲ್ಲ. 1898ರಲ್ಲಿ ಸುಡಾನಿನ ಒಮ್ದುರ್ಮನ್‌ನಲ್ಲಿ ಅಶ್ವದಳ ನುಗ್ಗಿದಾಗ ಎಲ್ಲರ ಕೈಯಲ್ಲಿ ಭರ್ಜಿ, ಕತ್ತಿ ಇದ್ದರೆ ಇವನ ಕೈಯಲ್ಲಿ ಪಿಸ್ತೂಲು ಇತ್ತು.

ಇನ್ನು ನೀವು ಬಾಯಿಬಿಟ್ಟು ಕೇಳದಿದ್ದರೂ ಪತ್ರದ ಸಾಲುಗಳ ನಡುವೆ ಕಾಣುವ ಸಂಕೋಚ ಒಂದಿದೆ. ಎಲ್ಲಿಯ ಯುರೋಪು, ಎಲ್ಲಿಯ ಕೆ.ಆರ್. ಪುರ? ಯಾರದೋ ನಾಡಿನ ಕತ್ತಿಯ ನಕಲನ್ನು ನಾನೇಕೆ ಇಟ್ಟುಕೊಳ್ಳಬೇಕು? ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ಕತ್ತಿಗೂ ನಮ್ಮ ನಾಡಿಗೂ ಸಂಬಂಧ ಹಳೆಯದು.

1510ರಲ್ಲಿ ಪೋರ್ಚುಗೀಸರು ಬಿಜಾಪುರದ ಸುಲ್ತಾನರಿಂದ ಗೋವೆಯನ್ನು ಕಿತ್ತುಕೊಂಡರು. ವಿಜಯನಗರಕ್ಕೂ ಬಿಜಾಪುರಕ್ಕೂ ಆಗ ಬೇಕಾಗಿದ್ದದ್ದು ಕುದುರೆ. ಅರಬ್ ನಾಡಿನಿಂದ, ಹೋರ್ಮುಜ್‌ನಿಂದ ಬರುತ್ತಿದ್ದ ಕುದುರೆಗಳು ಪಡುವಣ ಕರಾವಳಿಯ ಬಂದರುಗಳಲ್ಲಿ ಇಳಿಯುತ್ತಿದ್ದವು. ವಿಜಯನಗರದ ಬಗ್ಗೆ ಬರೆದಿಟ್ಟ ಫೆರ್ನಾವೊ ನ್ಯೂನಿಜ್ ಸ್ವತಃ ಕುದುರೆ ವ್ಯಾಪಾರಿ. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ವಿಜಯನಗರವು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲೂ ಕುದುರೆಯ ಮಾತೇ ಮುಖ್ಯ. ಇದೇ ಕಡಲ ದಾರಿಯಲ್ಲಿ ಯುರೋಪಿನ ಕತ್ತಿಯ ಅಲಗುಗಳೂ ಬಂದವು. ಹಿಡಿಯಿಲ್ಲದ ಬರೀ ಅಲಗು! ಅವಕ್ಕೆ ನಮ್ಮ ಕುಶಲಕರ್ಮಿಗಳು ದಖ್ಖನದ ಹಿಡಿಯನ್ನು ಜೋಡಿಸಿದರು: ಅಗಲ ಪಟ್ಟಿಯ ಕೈಗಾಪು, ಒಳಗೆ ಬಟ್ಟೆಯ ಮೆತ್ತೆ, ಹಿಡಿಯ ತುದಿಯಲ್ಲಿ ಒಂದು ಉದ್ದ ಕಡ್ಡಿ. ಬೇಕೆಂದಾಗ ಎರಡನೆಯ ಕೈಯಿಂದ ಆ ಕಡ್ಡಿಯನ್ನು ಹಿಡಿಯಬಹುದು. ಇದನ್ನೇ ಫಿರಂಗಿ ಎಂದು ಕರೆದರು. ಬಂದೂಕಿನ ದೊಡ್ಡಣ್ಣನಾದ ಫಿರಂಗಿಯಲ್ಲ, ಕತ್ತಿ. ಹೆಚ್ಚಾಗಿ ಕುದುರೆ ಸವಾರರದೇ ಆಯುಧ, ಅಲಗು ಸುಮಾರು 90 ಸೆಂ.ಮೀ. ಉದ್ದ. ಮರಾಠರೂ ದಖ್ಖನದ ಇತರ ಸವಾರರೂ ಇದನ್ನು ಬಹಳ ಮೆಚ್ಚಿದರು. ಬಾಗಿದ ತಲವಾರ್ ಇರಲಿಲ್ಲವೆಂದಲ್ಲ. ಎರಡೂ ಅಕ್ಕಪಕ್ಕದಲ್ಲೇ ಬಾಳಿದವು.

ನಿಮಗೆ ಹೆಚ್ಚು ಹಿಡಿಸಬಹುದಾದ ಸಂಗತಿ ಮುಂದಿದೆ. ಯುರೋಪಿನ ಅಲಗಿಗೆ ಬೇಡಿಕೆ ಎಷ್ಟಿತ್ತೆಂದರೆ ಅದರ ಪ್ರತಿಕೃತಿಗಳನ್ನು ಇಲ್ಲಿಯೇ ಮಾಡತೊಡಗಿದರು. ಅಲಗಿನ ಆಕಾರ, ಉದ್ದಕ್ಕೂ ತೋಡಿದ ಗೀರು, ಕೊನೆಗೆ ಯುರೋಪಿನ ಕಮ್ಮಾರರ ಮುದ್ರೆಯನ್ನು ಕೂಡ ನಕಲು ಮಾಡಿದರು. ಇಟಲಿಯ ಜಿನೋವಾದ್ದೆಂದು ಹೆಸರಾದ ಕುಡುಗೋಲಿನಾಕಾರದ ಗುರುತು ಭಾರತದಲ್ಲೇ ಮಾಡಿದ ಎಷ್ಟೋ ಅಲಗುಗಳ ಮೇಲೆ ಸಿಗುತ್ತದೆ. ನಮ್ಮವರನ್ನಷ್ಟೇ ದೂರುವಂತಿಲ್ಲ. ಜರ್ಮನಿಯ ಪಾಸೌ ಊರಿನ ಕತ್ತಿಗಳ ಮೇಲಿನ ಓಡುವ ತೋಳದ ಗುರುತನ್ನು ಅದೇ ದೇಶದ ಸೋಲಿಂಗನ್ ಊರಿನವರು ಎತ್ತಿಕೊಂಡು ಶತಮಾನಗಳ ಕಾಲ ಹೊಡೆದರು.

ಯುರೋಪಿನ ಅಲಗನ್ನು ಇಲ್ಲೇ ನಕಲು ಮಾಡಿದ್ದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಮ್ಮ ಶ್ರೀರಂಗಪಟ್ಟಣದ್ದು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ಮಲಗುವ ಕೋಣೆಯಲ್ಲಿದ್ದ ಕತ್ತಿಯನ್ನು ಬ್ರಿಟಿಷರು ದಾಳಿಯ ಮುಂದಾಳಾಗಿದ್ದ ಡೇವಿಡ್ ಬೇರ್ಡ್‌ಗೆ ಕೊಟ್ಟರು. 2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಅದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಹರಾಜಿನವರು ಕೊಟ್ಟ ವಿವರಣೆ ಏನು ಗೊತ್ತೇ? 16ನೇ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯನ್ನು ಅನುಸರಿಸಿ ಇಲ್ಲಿನ ಮೊಘಲ್ ಕತ್ತಿಗಾರರು ಮಾಡಿದ್ದು ಎಂದು. ನಿಮ್ಮ ಕೈಯಲ್ಲಿರುವುದೂ ಅದೇ ಕಾಲದ ಯುರೋಪಿನ ಮಾದರಿಯನ್ನು ನೋಡಿ ಭಾರತದಲ್ಲಿ ಮಾಡಿದ ಕತ್ತಿ. ಬೆಲೆಯಲ್ಲಿ ಹೋಲಿಕೆ ಬೇಡ, ವಂಶದಲ್ಲಿ ಪರಕೀಯವಲ್ಲ.

ಡೆಹ್ರಾಡೂನ್ ಎಂದದ್ದರಿಂದ ಇನ್ನೊಂದು ಮಾತು. 1943ರಲ್ಲಿ ಶುರುವಾದ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ ಇರುವುದು ಆ ಊರಿನಲ್ಲೇ. ಗೂರ್ಖಾ ಸೈನಿಕರಿಗೆ ಕುಕ್ರಿ ಮಾಡುತ್ತ ಬೆಳೆದ ಆ ಸಂಸ್ಥೆ ಈಗ ಯುರೋಪಿನ ಹಳೆಯ ಕತ್ತಿಗಳ ಪ್ರತಿಕೃತಿಗಳನ್ನು ಅಮೆರಿಕ, ಯುರೋಪುಗಳಿಗೇ ಕಳಿಸುತ್ತದೆ. ಮೀರತ್‌ನಲ್ಲೂ ಇಂಥ ಕೆಲಸ ನಡೆಯುತ್ತದೆ. ಇಂಗ್ಲೆಂಡಿನ ಬಯಲಿನಲ್ಲಿ ಹಳೆಯ ಯುದ್ಧವನ್ನು ಅಭಿನಯಿಸುವವರ ಸೊಂಟದಲ್ಲಿ ಉತ್ತರ ಭಾರತದ ಕತ್ತಿ ನೇತಾಡುತ್ತಿರುವುದು ಅಪರೂಪವೇನಲ್ಲ.

ಪ್ರತಿಕೃತಿ ಒಳ್ಳೆಯದೋ, ಬರೀ ಗೋಡೆಯ ಅಲಂಕಾರವೋ ಎಂದು ಪರೀಕ್ಷಿಸಲು ಟೂಲ್ ರೂಮಿನವರಾದ ನಿಮಗಿಂತ ಯೋಗ್ಯರು ಯಾರು? ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ಅಲಗಿನ ದಪ್ಪವನ್ನು ಹಿಡಿಯ ಬಳಿ ಒಮ್ಮೆ, ನಡುವೆ ಒಮ್ಮೆ, ಮೊನೆಗೆ ನಾಲ್ಕು ಬೆರಳು ಹಿಂದೆ ಒಮ್ಮೆ ಅಳೆಯಿರಿ. ಬುಡದಲ್ಲಿ ಐದಾರು ಮಿ.ಮೀ. ಇದ್ದದ್ದು ಮೊನೆಯತ್ತ ಸವೆಯುತ್ತ ಎರಡು, ಮೂರು ಮಿ.ಮೀ.ಗೆ ಇಳಿದಿದ್ದರೆ ಮಾಡಿದವನಿಗೆ ಕೆಲಸ ಗೊತ್ತು. ಉದ್ದಕ್ಕೂ ಒಂದೇ ದಪ್ಪ ಇದ್ದರೆ ಅದು ಪಟ್ಟಿಯನ್ನು ಕತ್ತರಿಸಿ ಉಜ್ಜಿದ ಮಾಲು. ಆಮೇಲೆ ಬೆರಳ ಮೇಲೆ ಅಡ್ಡಲಾಗಿ ಇಟ್ಟು ಸಮತೋಲದ ಬಿಂದು ಎಲ್ಲಿದೆ ನೋಡಿ. ಹಿಡಿಯ ಅಡ್ಡಪಟ್ಟಿಯಿಂದ 10ರಿಂದ 15 ಸೆಂ.ಮೀ. ಮುಂದಿದ್ದರೆ ಸರಿ. ಇನ್ನೂ ಮುಂದಕ್ಕೆ ಹೋದಷ್ಟೂ ಕೈಗೆ ಜಡ.

ಕಣ್ಣಿಗೆ ಕಾಣದ ಜಾಗವೊಂದಿದೆ, ಅಪಾಯ ಇರುವುದು ಅಲ್ಲೇ. ಅಲಗು ಹಿಡಿಯೊಳಗೆ ಮುಂದುವರಿಯುವ ಭಾಗ ಅಲಗಿನದೇ ಉಕ್ಕಾಗಿರಬೇಕು, ಸಾಕಷ್ಟು ಅಗಲವಿರಬೇಕು, ಹಿಡಿಯ ತುದಿಯ ಗುಂಡಿನಿಂದ ಹೊರಬಂದು ಅಲ್ಲಿ ಬಡಿದು ಕೂಡಿಸಿದಂತಿರಬೇಕು. ಅಗ್ಗದ ಕತ್ತಿಗಳಲ್ಲಿ ಒಂದು ತೆಳು ಸರಳನ್ನು ವೆಲ್ಡ್ ಮಾಡಿರುತ್ತಾರೆ. ಬೀಸಿದಾಗ ವೆಲ್ಡಿಂಗ್ ಬಿಟ್ಟರೆ ಹಿಡಿ ಕೈಯಲ್ಲಿ, ಅಲಗು ಪಕ್ಕದ ಮನೆಯಲ್ಲಿ. ಹಿಡಿ ಅಲ್ಲಾಡಿದರೆ, ಕಟಕಟ ಸದ್ದು ಬಂದರೆ ಅದನ್ನು ಬೀಸಲೇಬೇಡಿ. ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಕತ್ತಿಗಳೂ ನೋಡಲಿಕ್ಕೆ ಮಾತ್ರ. ಅಷ್ಟು ಉದ್ದದಲ್ಲಿ ಅವು ಬಾಗಿ ಹಿಂದಿರುಗುವ ಬದಲು ಮುರಿಯುವ ಸಂಭವ ಹೆಚ್ಚು. ಒಳ್ಳೆಯ ಪ್ರತಿಕೃತಿಗೆ ಸ್ಪ್ರಿಂಗ್ ಸ್ಟೀಲ್ ಬಳಸುತ್ತಾರೆ. ಇಎನ್-45 ಎಂದರೆ ನಿಮಗೆ ತಿಳಿಯುತ್ತದೆ, ಜೀಪು, ಲಾರಿಗಳ ಲೀಫ್ ಸ್ಪ್ರಿಂಗಿನ ಜಾತಿಯದು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ಹದವಾಗಿ ಕಾಯಿಸಿ ಆ ಗಡಸನ್ನು ತುಸು ಇಳಿಸಿದರೆ ಬಾಗಿಸಿ ಬಿಟ್ಟಾಗ ಮೊದಲಿನ ಸ್ಥಿತಿಗೆ ಬರುತ್ತದೆ. ಮೈಸೂರು ಸೀಮೆಗೆ ಉಕ್ಕಿನ ವಿದ್ಯೆ ಹೊಸದಲ್ಲ. 1800-01ರಲ್ಲಿ ಇಲ್ಲೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮೂಸೆಯಲ್ಲಿ ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ.

ಈಗ ನಿಮ್ಮ ಸೋದರಳಿಯನ ವಾದ. ಹರಿತವಿಲ್ಲ, ಆದ್ದರಿಂದ ಕಾನೂನಿನ ತೊಡಕಿಲ್ಲ ಎಂಬುದು ಬಹಳ ಜನರ ನಂಬಿಕೆ. ಅದು ತಪ್ಪು. 1959ರ ಆಯುಧ ಕಾಯ್ದೆ ಪಟ್ಟಿಯಿಂದ ಹೊರಗಿಟ್ಟಿರುವುದು ಎರಡನ್ನು: ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆಂದೇ ಮಾಡಿದ ವಸ್ತುಗಳು, ಮತ್ತು ಆಟಿಕೆಯಾಗಿಯಲ್ಲದೆ ಬೇರೆ ಬಗೆಯಲ್ಲಿ ಬಳಸಲಾಗದ, ನಿಜವಾದ ಆಯುಧವಾಗಿ ಮಾರ್ಪಡಿಸಲೂ ಆಗದ ವಸ್ತುಗಳು. ಸ್ಪ್ರಿಂಗ್ ಸ್ಟೀಲಿನ ಅಲಗಿಗೆ ಅರ್ಧ ದಿನ ಸಾಣೆ ಹಿಡಿದರೆ ಅದು ಆಯುಧವೇ. ಮೇಲಾಗಿ ತಿವಿಯುವ ಕತ್ತಿಗೆ ಅಂಚಿಗಿಂತ ಮೊನೆ ಮುಖ್ಯ ಎಂದು ಆಗಲೇ ನೋಡಿದೆವಲ್ಲ. ಆಯುಧ ನಿಯಮಗಳ ಐದನೇ ವರ್ಗದಲ್ಲಿ ಕತ್ತಿ, ಭರ್ಜಿ, ಕಠಾರಿಗಳ ಹೆಸರು ಸ್ಪಷ್ಟವಾಗಿದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಎಂಬ ಅಳತೆಯೂ ಅಲ್ಲೇ ಇದೆ.

ಹಾಗಾದರೆ ಮನೆಯಲ್ಲಿ ಕತ್ತಿ ಇಟ್ಟವರೆಲ್ಲ ಅಪರಾಧಿಗಳೇ? ಅಲ್ಲ. ಬಂದೂಕಿಗೆ ಎಲ್ಲೆಡೆ ಲೈಸೆನ್ಸ್ ಬೇಕು. ಬಂದೂಕಲ್ಲದ ಆಯುಧಗಳ ಮಾತು ಬೇರೆ. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆ ಹೊರಡಿಸಿ ಇಂಥ ಪ್ರದೇಶದಲ್ಲಿ ಇಂಥ ಆಯುಧಕ್ಕೆ ಪರವಾನಗಿ ಬೇಕು ಎಂದು ಹೇಳಿದ್ದರೆ ಮಾತ್ರ ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಆದ್ದರಿಂದ ನೀವು ಮಾಡಬೇಕಾದದ್ದು ಸರಳ. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಆಯುಧ ಪರವಾನಗಿಯ ಕೆಲಸ ನೋಡುವವರಿಗೆ ಒಂದು ಅರ್ಜಿ ಬರೆಯಿರಿ. ಕತ್ತಿಯ ಅಳತೆ, ಫೋಟೊ, ಖರೀದಿಯ ರಸೀದಿ ಲಗತ್ತಿಸಿ, ನಿಮ್ಮ ವಿಳಾಸಕ್ಕೆ ಈಗ ಯಾವ ಅಧಿಸೂಚನೆ ಅನ್ವಯಿಸುತ್ತದೆ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಅಂಗಡಿಯವರು ಹೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು ಇಲ್ಲಿ ಪ್ರಮಾಣವಲ್ಲ.

ಇಟ್ಟುಕೊಳ್ಳುವುದು ಒಂದು, ಹೊತ್ತು ತಿರುಗುವುದು ಇನ್ನೊಂದು. ಕೋಲಾರ, ತಿರುಪತಿ ಬಸ್ಸಿಗೆ ಕಾದು ನಿಂತ ಜನಜಂಗುಳಿಯ ನಡುವೆ, ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ನೀವು ಮೂರಡಿಯ ಕತ್ತಿಯನ್ನು ಕಂಕುಳಲ್ಲಿ ಇಟ್ಟುಕೊಂಡರೆ ಅದು 16ನೇ ಶತಮಾನದ ಮಾದರಿ ಎಂದು ವಿವರಿಸುವಷ್ಟು ಸಮಯ ಯಾರೂ ಕೊಡುವುದಿಲ್ಲ. ಬೆನ್ನಿಗಾನಹಳ್ಳಿ ಮೆಟ್ರೋದಲ್ಲಿ ಬ್ಯಾಗು ಸ್ಕ್ಯಾನರಿಗೆ ಹೋದ ಕೂಡಲೇ ತಡೆಯುತ್ತಾರೆ. ನಗರದಲ್ಲಿ ನಿಷೇಧಾಜ್ಞೆ ಇರುವಾಗ, ಅಂದರೆ ಹಿಂದಿನ 144, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಜಾರಿಯಲ್ಲಿರುವಾಗ, ಆಯುಧ ಹಿಡಿದು ಹೊರಡುವ ಯೋಚನೆಯನ್ನೇ ಮಾಡಬೇಡಿ. ಮೆರವಣಿಗೆಗೆಂದು, ನಾಟಕಕ್ಕೆಂದು ಯಾರಾದರೂ ಎರವಲು ಕೇಳಿದರೆ ನಯವಾಗಿ ಇಲ್ಲವೆನ್ನಿ. ನಾಟಕಕ್ಕೆ ಮರದ ಕತ್ತಿಯೇ ಸಾಕು.

ಕೆಲವರಿಗೆ ರಿಯಾಯಿತಿ ಇದೆಯಲ್ಲ ಎಂದು ನೀವು ಕೇಳಬಹುದು. ಹಲಸೂರು ಕೆರೆಯ ಬಳಿಯ ಗುರುದ್ವಾರಕ್ಕೆ ಬರುವ ಸಿಖ್ಖರು ಕಿರ್ಪಾನ್ ಧರಿಸುವುದಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯೇ ಆಧಾರ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕಿಗೆ ಸಂಬಂಧಿಸಿದ್ದು. ಅದನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಇವೆರಡೂ ನಿಮಗಾಗಲಿ ನಿಮ್ಮ ಕತ್ತಿಗಾಗಲಿ ಅನ್ವಯಿಸುವುದಿಲ್ಲ. ಇನ್ನು ಮುಂದೆ ಹೊರದೇಶದಿಂದ ಇಂಥದ್ದನ್ನು ತರಿಸುವ ಆಸೆಯಾದರೆ ಕಾಯ್ದೆಯ 10ನೇ ಸೆಕ್ಷನ್ ಆಮದಿನ ಬಗ್ಗೆ ಬಿಗಿಯಾಗಿದೆ ಎಂಬುದು ನೆನಪಿರಲಿ. ಹಣ ಕಟ್ಟುವ ಮೊದಲೇ ವಿಚಾರಿಸಿ.

ತುಕ್ಕಿನ ಕತೆ ಚಿಕ್ಕದು. ಬೆಂಗಳೂರಿನ ಹವೆ ಮಂಗಳೂರಿನಷ್ಟು ಕ್ರೂರವಲ್ಲ. ಆದರೆ ಮಳೆಗಾಲದ ತೇವ, ಅದರ ಜೊತೆ ಹಳೇ ಮದ್ರಾಸ್ ರಸ್ತೆಯ ದೂಳು ಸೇರಿದರೆ ಅಲಗಿನ ಮೇಲೆ ಚುಕ್ಕೆ ಬೀಳಲು ಒಂದು ವಾರ ಸಾಕು. ಬೆರಳಿನ ಬೆವರು ಇನ್ನೂ ಕೆಟ್ಟದ್ದು. ಬಂದ ನೆಂಟರೆಲ್ಲ ಅಲಗನ್ನು ಸವರಿ ನೋಡಿಯೇ ತೀರುತ್ತಾರೆ. ಅವರು ಹೋದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಕಮಟಾಗಿ ಅಂಟಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಒಂದು ಬಗೆಯ ಮೇಣ ಬಳಸುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ಆ ಮೇಣದ ಹೆಸರು ರಿನೈಸಾನ್ಸ್ ವ್ಯಾಕ್ಸ್, ನಿಮ್ಮ ಕತ್ತಿಗೆ ಹೇಳಿಮಾಡಿಸಿದಂತಿದೆ. ಎಣ್ಣೆಯೂ ಸಾಕು. ಒಂದು ವಿಷಯದಲ್ಲಿ ಮಾತ್ರ ಎಚ್ಚರ: ಚರ್ಮದ ಒರೆಯಲ್ಲಿ ಹಾಕಿ ತಿಂಗಳುಗಟ್ಟಲೆ ಬಿಡಬೇಡಿ. ಚರ್ಮ ತೇವ ಹೀರುತ್ತದೆ, ಹದ ಮಾಡುವಾಗ ಬಳಸಿದ ರಾಸಾಯನಿಕಗಳೂ ಅದರಲ್ಲಿ ಉಳಿದಿರುತ್ತವೆ. ಒರೆ ಬೇರೆ, ಕತ್ತಿ ಬೇರೆ ಇಡಿ.

ಆಯುಧಪೂಜೆಗೆ ಧಾರಾಳವಾಗಿ ಇಡಿ. ಸ್ಪಾನರ್, ಸ್ಕೂಟರುಗಳಿಗೆ ಪೂಜೆಯಾಗುವ ಊರಿನಲ್ಲಿ ಕತ್ತಿಗೆ ಏಕಿಲ್ಲ? ಆದರೆ ನೀರಿನಲ್ಲಿ ಕಲಸಿದ ಅರಿಸಿನ ಕುಂಕುಮವನ್ನು ಬರಿಯ ಅಲಗಿಗೆ ಹಚ್ಚಬೇಡಿ, ಹಿಡಿಗೆ ಇಡಿ. ನಿಂಬೆಹಣ್ಣನ್ನು ಮೊನೆಗೆ ಚುಚ್ಚುವ ಪದ್ಧತಿಯನ್ನಂತೂ ಈ ಕತ್ತಿಯ ಮಟ್ಟಿಗೆ ಬಿಟ್ಟುಬಿಡಿ. ನಿಂಬೆಯ ಹುಳಿ ಒಂದು ರಾತ್ರಿ ಉಕ್ಕಿನ ಮೇಲೆ ನಿಂತರೆ ಕಪ್ಪು ಕಲೆ ಉಳಿಯುತ್ತದೆ, ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಪೂಜೆಯ ಮರುದಿನ ಒರೆಸಿ ಎಣ್ಣೆ ಹಚ್ಚಿ. ತೂಗುಹಾಕುವ ಜಾಗ ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿರಲಿ, ಮಂಚದ ಮೇಲೋ ಸೋಫಾದ ಮೇಲೋ ಬೇಡ. ಎರಡು ಗಟ್ಟಿ ಬ್ರಾಕೆಟ್‌ಗಳನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿ.

ಕೊನೆಯದಾಗಿ ನಿಮ್ಮಲ್ಲಿ ಒಂದು ವಿನಂತಿ. ಮಾಡಿದವರ ಹೆಸರು, ಊರು, ವರ್ಷ ಬರೆದ ಚೀಟಿಯನ್ನೂ ರಸೀದಿಯನ್ನೂ ಕತ್ತಿಯ ಜೊತೆಯಲ್ಲೇ ಕಾಪಾಡಿ. ಸಾಧ್ಯವಾದರೆ ಹಿಡಿಯ ಒಳಮೈಯಲ್ಲಿ ವರ್ಷವನ್ನು ಸಣ್ಣದಾಗಿ ಕೆತ್ತಿಸಿ. 1972ರ ಪುರಾತನ ವಸ್ತುಗಳ ಕಾಯ್ದೆ 100 ವರ್ಷ ದಾಟಿದ ಇಂಥ ವಸ್ತುಗಳಿಗೆ ಅನ್ವಯಿಸುತ್ತದೆ. ನಿಮ್ಮದು ಈಗ ಅದರೊಳಗೆ ಬರುವುದಿಲ್ಲ. ಆದರೆ ಒಳ್ಳೆಯ ಪ್ರತಿಕೃತಿಗೆ ನಾಲ್ಕು ಕೈ ದಾಟುವಷ್ಟರಲ್ಲಿ ಸ್ವಲ್ಪ ತುಕ್ಕು, ಸ್ವಲ್ಪ ಕತೆ ಸೇರಿಕೊಂಡು, ಯಾರೋ ಅದನ್ನು ಹಂಪಿಯಲ್ಲಿ ಸಿಕ್ಕಿದ್ದೆಂದು ಮಾರುತ್ತಾರೆ. ನಿಮ್ಮ ಕತ್ತಿಗೆ ಆ ಗತಿ ಬಾರದಂತೆ ಈಗಲೇ ಬರೆದಿಡಿ.